ಹಗುರವಾದ ಕಿನ್ನರಿ, ಭಾರವಾದ ಏಟು: ಗೊಡೊ 4ರಲ್ಲಿ ಪುಟ್ಟ ಬ್ರಾಲರ್ ಆಟವನ್ನು ಕಟ್ಟುವ ಸಮಗ್ರ ಮಾರ್ಗದರ್ಶಿ

ಗುಂಪಾಗಿ ಬರುವ ವೈರಿಗಳನ್ನು ಗುದ್ದಿ ಉರುಳಿಸುವ ಬ್ರಾಲರ್ ಆಟದ ಸೊಗಸೆಲ್ಲ ನಿಂತಿರುವುದು ಏಟಿನ ತೂಕದ ಮೇಲೆ. 1987ರ ಡಬಲ್ ಡ್ರ್ಯಾಗನ್, 1989ರ ಫೈನಲ್ ಫೈಟ್ ಮೊದಲಾದ ಆರ್ಕೇಡ್ ಆಟಗಳು ಈ ತೂಕವನ್ನು ಬಹುಮಟ್ಟಿಗೆ ನಾಯಕನ ಅಗಲವಾದ ಹೆಗಲಿನಿಂದಲೂ ದಪ್ಪ ತೋಳಿನಿಂದಲೂ ದಕ್ಕಿಸಿಕೊಂಡವು. ಅದೇ ಜಾಗದಲ್ಲಿ ತೆಳು ರೆಕ್ಕೆಯ ಕಿನ್ನರಿಯೊಬ್ಬಳನ್ನು ತಂದು ನಿಲ್ಲಿಸಿದರೆ, ಗಾಳಿಯಲ್ಲಿ ತೇಲುವವಳ ಗುದ್ದು ಆಟಗಾರನಿಗೆ ನಿಜವಾದ ಗುದ್ದೆನಿಸುವುದು ಹೇಗೆ ಎಂಬ ತೊಡಕು ಮೊದಲ ದಿನವೇ ಎದುರಾಗುತ್ತದೆ. ಭತ್ತದ ಬೇಸಾಯವನ್ನೂ ಹೊಡೆದಾಟವನ್ನೂ ಬೆಸೆದ 2020ರ ‘ಸಕುನ: ಆಫ್ ರೈಸ್ ಅಂಡ್ ರೂಯಿನ್’ ಆಟದಿಂದ ಹೆಸರಾದ ಜಪಾನಿನ ಪುಟ್ಟ ತಂಡ ಎಡೆಲ್‌ವೈಸ್, ಅದಕ್ಕೂ ಹಲವು ವರ್ಷ ಮುಂಚೆ ಹೊರತಂದ ‘ಫೇರಿ ಬ್ಲೂಮ್ ಫ್ರೀಸಿಯಾ’ದಲ್ಲಿ ಇದಕ್ಕೊಂದು ಜಾಣ ಉತ್ತರ ಕೊಟ್ಟಿತ್ತು. ಲಿತಾ ಎಂಬ ಕಾಡನ್ನು ಕಾಯುವ ಕಿನ್ನರಿ ಫ್ರೀಸಿಯಾ ಹೊಡೆದಾಗ ವೈರಿಗಳು ಹಾರಿಹೋಗಿ ಇತರ ವೈರಿಗಳಿಗೆ ಬಡಿಯುತ್ತಾರೆ. ತೂಕವಿರುವುದು ಅವಳ ತೋಳಿನಲ್ಲಲ್ಲ, ಹಾರುವ ವೈರಿಯ ಮೈಯಲ್ಲಿ.

ಈ ಮಾರ್ಗದರ್ಶಿ ಆ ಒಂದು ಎಳೆಯನ್ನೇ ಹಿಡಿದು, ಆಟಗಳನ್ನು ಕಟ್ಟುವ ತಂತ್ರಾಂಶವಾದ ಗೊಡೊ ಎಂಜಿನ್‌ನ ನಾಲ್ಕನೆಯ ಆವೃತ್ತಿಯಲ್ಲಿ ಒಂದು ರಂಗ, ಒಬ್ಬ ನಾಯಕಿ ಮತ್ತು ನಾಲ್ಕು ಬಗೆಯ ವೈರಿಗಳಿರುವ ಆಟವನ್ನು ಹಂತಹಂತವಾಗಿ ಕಟ್ಟುವ ಬಗೆಯನ್ನು ವಿವರಿಸುತ್ತದೆ. ಗೊಡೊದ ಮೂಲಪಾಠಗಳನ್ನು ಮುಗಿಸಿ, ಒಂದು ಪಾತ್ರವನ್ನು ಪರದೆಯ ಮೇಲೆ ಓಡಾಡಿಸಿದ ಅನುಭವ ಓದುಗರಿಗಿದೆ ಎಂದು ಭಾವಿಸಿದ್ದೇನೆ. ಇಲ್ಲಿ ಕೊಟ್ಟಿರುವ ವೇಗ, ಫ್ರೇಮು, ಹಾನಿಯ ಅಂಕಿಗಳು ಆರಂಭದ ಅಂಕಿಗಳಷ್ಟೇ. ಅವನ್ನು ಕೈಗೆ ಒಗ್ಗುವಂತೆ ಬದಲಿಸಿಕೊಳ್ಳಬೇಕು, ಆದರೆ ಅವುಗಳ ನಡುವಿನ ಅನುಪಾತವನ್ನು ಕಾರಣವಿಲ್ಲದೆ ಕೆಡಿಸಬಾರದು.

ಹಂತ 1: ಆಟದ ಗಾತ್ರವನ್ನು ಮೊದಲೇ ಕಟ್ಟಿಹಾಕುವುದು

ಹಳೆಯ ಆರ್ಕೇಡ್ ಬ್ರಾಲರ್‌ಗಳಲ್ಲಿ ಪಾತ್ರಗಳು ಎಡಬಲಕ್ಕಷ್ಟೇ ಅಲ್ಲ, ಪರದೆಯ ಆಳಕ್ಕೂ ಹೊರಕ್ಕೂ ನಡೆಯುತ್ತವೆ. ನೋಡಲು ಇದು ಸಮೃದ್ಧವಾಗಿ ಕಂಡರೂ ಕಟ್ಟುವವರಿಗೆ ದುಬಾರಿ, ಏಕೆಂದರೆ ನೆಲದ ಆಳ ಮತ್ತು ನೆಗೆತದ ಎತ್ತರ ಎರಡನ್ನೂ ಪರದೆಯ ಒಂದೇ ಲಂಬ ಅಕ್ಷದಲ್ಲಿ ತೋರಿಸಬೇಕಾಗುತ್ತದೆ, ಪ್ರತಿ ಏಟಿಗೂ ಇಬ್ಬರೂ ಒಂದೇ ಆಳದಲ್ಲಿದ್ದಾರೆಯೇ ಎಂದು ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ. ಹಾರುವ ನಾಯಕಿಯಿದ್ದಾಗಲಂತೂ ಅವಳು ಮೇಲಿದ್ದಾಳೋ ಹಿಂದಿದ್ದಾಳೋ ಎಂಬುದು ನೆರಳನ್ನು ನೋಡದೆ ತಿಳಿಯುವುದೇ ಇಲ್ಲ. ಆದ್ದರಿಂದ ಪಕ್ಕದಿಂದ ಕಾಣುವ, ಆಳವಿಲ್ಲದ ಒಂದೇ ಸಮತಲದ ರಂಗವನ್ನೇ ಆರಿಸಿಕೊಳ್ಳಿ.

ರಂಗದ ಅಗಲ ಒಂದೂವರೆ ಪರದೆಯಷ್ಟಿರಲಿ ಮತ್ತು ಎರಡೂ ಬದಿಯಲ್ಲಿ ಗಟ್ಟಿ ಗೋಡೆಗಳಿರಲಿ. ಕಾಡಿನ ಆಟವಾದರೆ ಗೋಡೆಯ ಬದಲು ದೊಡ್ಡ ಮರದ ಬೊಡ್ಡೆಗಳಾದೀತು. ಈ ಗೋಡೆಗಳು ಅಲಂಕಾರಕ್ಕಲ್ಲ, ಆರನೆಯ ಹಂತದಲ್ಲಿ ಆಟದ ಅರ್ಧ ಕೆಲಸವನ್ನು ಅವೇ ಮಾಡುತ್ತವೆ. ನಾಯಕಿಯ ಚಲನೆಗಳನ್ನು ಹತ್ತರೊಳಗೆ ನಿಲ್ಲಿಸಿ: ನಿಲುವು, ಓಟ, ನೆಗೆತ, ತೇಲಾಟ, ಮೂರು ಲಘು ಏಟು, ಒಂದು ಭಾರಿ ಏಟು, ಗಾಳಿಯ ನುಗ್ಗು, ಪೆಟ್ಟು ತಿಂದ ಭಂಗಿ. ಸಂಗೀತ ಮತ್ತು ಧ್ವನಿನಟನೆಯನ್ನು ಬಿಟ್ಟರೆ ಬಹುಮಟ್ಟಿಗೆ ಡೀನ್ ಡಾಡ್ರಿಲ್ ಒಬ್ಬರೇ ಕಟ್ಟಿದ ‘ಡಸ್ಟ್: ಆ್ಯನ್ ಎಲೀಸಿಯನ್ ಟೇಲ್’ 2012ರಲ್ಲಿ ಹೊರಬರುವ ಮುನ್ನ ವರ್ಷಗಟ್ಟಲೆ ದುಡಿಮೆಯನ್ನು ಬೇಡಿತ್ತು. ಅಂಥ ವಿಸ್ತಾರದ ಕನಸನ್ನು ಎರಡನೆಯ ಆಟಕ್ಕೆ ಎತ್ತಿಟ್ಟುಕೊಳ್ಳುವುದು ಲೇಸು.

ಹಂತ 2: ಪ್ರಾಜೆಕ್ಟಿನ ಸಿದ್ಧತೆ

ಮೂಲ ರೆಸಲ್ಯೂಷನ್ ಅನ್ನು 640×360 ಎಂದು ಇಟ್ಟುಕೊಳ್ಳಿ. ಇದನ್ನು ಸರಿಯಾಗಿ ಎರಡರಿಂದ ಗುಣಿಸಿದರೆ 1280×720, ಮೂರರಿಂದ 1920×1080, ಆರರಿಂದ 3840×2160 ಬರುವುದರಿಂದ ಪಿಕ್ಸೆಲ್ ಚಿತ್ರಗಳು ಈ ಅಳತೆಯ ಪರದೆಗಳಲ್ಲಿ ಸೊಟ್ಟಗಾಗುವುದಿಲ್ಲ. ಟೆಕ್ಸ್ಚರ್ ಫಿಲ್ಟರ್ ಮೊದಲಿಗೆ ಲೀನಿಯರ್ ಆಗಿರುತ್ತದೆ. ಪಿಕ್ಸೆಲ್ ಕಲೆಗಾಗಿ ಅದನ್ನು ನಿಯರೆಸ್ಟ್‌ಗೆ ಬದಲಿಸಿ. ಸ್ಟ್ರೆಚ್ ಮೋಡ್‌ನಲ್ಲಿ ‘ವ್ಯೂಪೋರ್ಟ್’ ಬದಲು ‘ಕ್ಯಾನ್ವಾಸ್ ಐಟಮ್ಸ್’ ಆರಿಸಿ. ಅದರ ಕಾರಣ ಕನ್ನಡ ಅಕ್ಷರಗಳಿಗೆ ಬಂದಾಗ ತಿಳಿಯುತ್ತದೆ.

ಗೊಡೊದ ಭೌತಿಕ ಲೆಕ್ಕಾಚಾರ ತಾನಾಗಿಯೇ ಸೆಕೆಂಡಿಗೆ 60 ಬಾರಿ ನಡೆಯುತ್ತದೆ. ಹೊಡೆದಾಟಕ್ಕೆ ಸಂಬಂಧಿಸಿದ ಎಲ್ಲ ಎಣಿಕೆಯನ್ನೂ ಈ ಭೌತಿಕ ಫ್ರೇಮುಗಳಲ್ಲೇ ಮಾಡಿ, ಸೆಕೆಂಡುಗಳಲ್ಲಿ ಅಲ್ಲ. ಹಾಗೆ ಮಾಡಿದರೆ 60 ಹರ್ಟ್ಸ್ ಪರದೆಯಲ್ಲಿ ಆಡುವವರಿಗೂ 144 ಹರ್ಟ್ಸ್ ಪರದೆಯಲ್ಲಿ ಆಡುವವರಿಗೂ ಏಟಿನ ಅಳತೆ ಒಂದೇ ಆಗಿರುತ್ತದೆ. ಡಿಕ್ಕಿಯ ಪದರಗಳನ್ನು ಆರಂಭದಲ್ಲೇ ಹೆಸರಿಸಿಡಿ: ನೆಲ ಮತ್ತು ಗೋಡೆ, ನಾಯಕಿಯ ದೇಹ, ವೈರಿಯ ದೇಹ, ನಾಯಕಿಯ ಏಟು, ವೈರಿಯ ಏಟು, ಹಾರುವ ವೈರಿ. ಕೊನೆಯ ಪದರವನ್ನು ಪ್ರತ್ಯೇಕವಾಗಿಡುವುದು ಮುಖ್ಯ. ಭಾಷೆಯಾಗಿ ಜಿಡಿಸ್ಕ್ರಿಪ್ಟ್ ಬಳಸಿ, ಏಕೆಂದರೆ ಸಿ ಶಾರ್ಪ್‌ನಲ್ಲಿ ಬರೆದ ಗೊಡೊ 4ರ ಆಟವನ್ನು ಬ್ರೌಸರಿಗೆ ರಫ್ತು ಮಾಡುವ ದಾರಿ ಸುಗಮವಾಗಿಲ್ಲ, ನಮಗೆ ಕೊನೆಯಲ್ಲಿ ಬ್ರೌಸರ್ ಬೇಕು.

ಹಂತ 3: ಓಟ, ನೆಗೆತ ಮತ್ತು ರೆಕ್ಕೆ

ನಾಯಕಿ ಕ್ಯಾರೆಕ್ಟರ್‌ಬಾಡಿ2ಡಿ ನೋಡ್ ಆಗಿರಲಿ, ಎತ್ತರ ಸುಮಾರು 48 ಪಿಕ್ಸೆಲ್, ಓಟದ ವೇಗ ಸೆಕೆಂಡಿಗೆ 220 ಪಿಕ್ಸೆಲ್. ಈ ವೇಗದಲ್ಲಿ ಅವಳು ಒಂದು ಪರದೆಯನ್ನು ಮೂರು ಸೆಕೆಂಡಿಗೆ ತುಸು ಮುಂಚೆ ದಾಟುತ್ತಾಳೆ. ನೆಗೆತವನ್ನು ಅಂದಾಜಿನಲ್ಲಿ ತಡಕಾಡುವ ಬದಲು ಲೆಕ್ಕದಿಂದ ಪಡೆಯಿರಿ: ಎಷ್ಟು ಎತ್ತರ ಬೇಕು, ತುದಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬೆರಡನ್ನು ನಿರ್ಧರಿಸಿದರೆ, ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದಾಗ ಗುರುತ್ವವೂ, ಅದೇ ಎರಡರಷ್ಟನ್ನು ಕಾಲದಿಂದ ಭಾಗಿಸಿದಾಗ ನೆಗೆತದ ಆರಂಭಿಕ ವೇಗವೂ ಸಿಗುತ್ತವೆ. 96 ಪಿಕ್ಸೆಲ್ ಎತ್ತರ, 0.36 ಸೆಕೆಂಡು ಎಂದಿಟ್ಟುಕೊಂಡರೆ ಗುರುತ್ವ ಸುಮಾರು 1480, ಆರಂಭಿಕ ವೇಗ ಸುಮಾರು 533. ಗೊಡೊದಲ್ಲಿ ತಾನಾಗಿಯೇ ಬರುವ 980ಕ್ಕಿಂತ ಇದು ಸಾಕಷ್ಟು ಬಿಗಿ, ಹಾಗೇ ಇರಬೇಕು. ಕಿನ್ನರಿ ಎಂದ ಮಾತ್ರಕ್ಕೆ ಗುರುತ್ವವನ್ನೇ ಸಡಿಲಿಸಿದರೆ ಇಡೀ ಆಟ ನೀರಿನೊಳಗೆ ನಡೆಯುತ್ತಿರುವಂತೆ ಮಂಕಾಗುತ್ತದೆ.

ಹಗುರತನವನ್ನು ತೋರಿಸಬೇಕಾದದ್ದು ಇಳಿಯುವಾಗ. ನೆಗೆತದ ಗುಂಡಿಯನ್ನು ಒತ್ತಿ ಹಿಡಿದಿದ್ದರೆ ಬೀಳುವ ವೇಗ ಸೆಕೆಂಡಿಗೆ 90 ಪಿಕ್ಸೆಲ್ ಮೀರದಂತೆ ತಡೆಯಿರಿ, ಬಿಟ್ಟ ಕೂಡಲೇ ಪೂರ್ಣ ಗುರುತ್ವ ಮರಳಲಿ. ಸ್ವಚ್ಛಂದವಾಗಿ ಹಾರುವ ಶಕ್ತಿಯನ್ನಂತೂ ಕೊಡಲೇಬೇಡಿ. ಹಾಗೆ ಹಾರಬಲ್ಲವಳಿಗೆ ನೆಲದ ವೈರಿಗಳು ಅಪಾಯವೇ ಅಲ್ಲ, ಆಟಗಾರರು ಮೇಲೆಯೇ ಸುತ್ತುತ್ತ ಬೇಸರದಿಂದ ಗೆಲ್ಲುತ್ತಾರೆ. ಅದರ ಬದಲು ಗಾಳಿಯಲ್ಲಿ ಒಂದೇ ಒಂದು ನುಗ್ಗಾಟವನ್ನು ಕೊಟ್ಟು, ಅದು ಎರಡು ರೀತಿಯಲ್ಲಿ ಮಾತ್ರ ಮರಳಿ ಸಿಗುವಂತೆ ಮಾಡಿ: ನೆಲ ಮುಟ್ಟಿದಾಗ, ಇಲ್ಲವೇ ಗಾಳಿಯಲ್ಲಿ ಯಾರಿಗಾದರೂ ಏಟು ತಾಕಿದಾಗ. ಈ ಎರಡನೆಯ ನಿಯಮದಿಂದಾಗಿ, ಮೇಲೆ ಉಳಿಯಬೇಕೆಂದರೆ ಹೊಡೆಯುತ್ತಲೇ ಇರಬೇಕು ಎಂಬುದು ಯಾವ ಪಾಠವೂ ಇಲ್ಲದೆ ಆಟಗಾರರಿಗೆ ಹೊಳೆಯುತ್ತದೆ.

ಹಂತ 4: ಏಟಿನ ಅಂಗರಚನೆ

ಪ್ರತಿ ಏಟಿಗೂ ಮೂರು ಭಾಗಗಳಿವೆ: ಕೈ ಎತ್ತುವ ತಯಾರಿ, ನಿಜಕ್ಕೂ ತಾಕಬಲ್ಲ ಸಕ್ರಿಯ ಗಳಿಗೆ, ಮರಳಿ ನಿಲುವಿಗೆ ಬರುವ ಚೇತರಿಕೆ. ಲಘು ಏಟಿಗೆ ಕ್ರಮವಾಗಿ 4, 3, 9 ಫ್ರೇಮುಗಳನ್ನೂ, ಭಾರಿ ಏಟಿಗೆ 12, 4, 20 ಫ್ರೇಮುಗಳನ್ನೂ ಇಟ್ಟು ಆರಂಭಿಸಿ. ಭಾರಿ ಏಟಿನ ಉದ್ದದ ತಯಾರಿಯಲ್ಲಿ ರೆಕ್ಕೆಗಳು ಹಿಂದಕ್ಕೆ ಮಡಿಚಿಕೊಳ್ಳುವ ಚಿತ್ರವಿದ್ದರೆ, ತೋಳು ತೆಳ್ಳಗಿದ್ದರೂ ಬರಲಿರುವ ಬಲದ ಸೂಚನೆ ಕಣ್ಣಿಗೆ ಸಿಗುತ್ತದೆ.

ಏಟು ತಾಕುವ ಪ್ರದೇಶವನ್ನೂ (ಹಿಟ್‌ಬಾಕ್ಸ್) ಪೆಟ್ಟು ತಿನ್ನುವ ಪ್ರದೇಶವನ್ನೂ ಬೇರೆ ಬೇರೆ ಏರಿಯಾ2ಡಿ ನೋಡ್‌ಗಳಾಗಿ ಮಾಡಿ, ಆ್ಯನಿಮೇಷನ್‌ಪ್ಲೇಯರ್‌ನ ಪಟ್ಟಿಯಿಂದಲೇ ಹಿಟ್‌ಬಾಕ್ಸನ್ನು ತೆರೆದು ಮುಚ್ಚಿ. ಆ್ಯನಿಮೇಷನ್‌ಪ್ಲೇಯರ್ ಕೂಡ ಭೌತಿಕ ಫ್ರೇಮಿನ ಲಯದಲ್ಲೇ ನಡೆಯುವಂತೆ ಹೊಂದಿಸಿ. ಇಲ್ಲಿ ಮೂರು ಮುಳ್ಳುಗಳಿವೆ. ಏರಿಯಾಗಳ ಅತಿಕ್ರಮಣದ ಪಟ್ಟಿಯನ್ನು ಗೊಡೊ ಪ್ರತಿ ಭೌತಿಕ ಹೆಜ್ಜೆಗೆ ಒಮ್ಮೆ ಮಾತ್ರ ನವೀಕರಿಸುವುದರಿಂದ, ಒಂದೇ ಫ್ರೇಮು ಸಕ್ರಿಯವಾಗಿರುವ ಏಟು ಕೆಲವೊಮ್ಮೆ ಯಾರಿಗೂ ತಾಕದೆ ಹೋಗುತ್ತದೆ. ಸಕ್ರಿಯ ಗಳಿಗೆ ಎಂದೂ ಮೂರು ಫ್ರೇಮಿಗಿಂತ ಕಡಿಮೆಯಾಗದಿರಲಿ. ಡಿಕ್ಕಿಯ ಸಿಗ್ನಲ್ ಒಳಗಿಂದಲೇ ಡಿಕ್ಕಿಯ ಆಕಾರವನ್ನು ನಿಷ್ಕ್ರಿಯಗೊಳಿಸಲು ಹೋದರೆ ಎಂಜಿನ್ ದೋಷ ತೋರಿಸುತ್ತದೆ. ಅದಕ್ಕೆ ಬದಲಾವಣೆಯನ್ನು ತುಸು ಮುಂದೂಡುವ ಸೆಟ್ ಡಿಫರ್ಡ್ ಬಳಸಬೇಕು. ಒಂದೇ ಬೀಸಿನಲ್ಲಿ ಒಬ್ಬನಿಗೆ ಎರಡು ಸಲ ಪೆಟ್ಟು ಬೀಳದಂತೆ, ಆ ಬೀಸಿಗೆ ಸಿಕ್ಕವರ ಪಟ್ಟಿಯೊಂದನ್ನು ಇಟ್ಟುಕೊಂಡು ಬೀಸು ಮುಗಿದಾಗ ಖಾಲಿ ಮಾಡಬೇಕು.

ಗುಂಡಿ ಒತ್ತಿದ್ದನ್ನು ಎಂಟು ಫ್ರೇಮುಗಳವರೆಗೆ ನೆನಪಿಟ್ಟುಕೊಳ್ಳುವ ವ್ಯವಸ್ಥೆಯನ್ನೂ ಈಗಲೇ ಸೇರಿಸಿ. ಚೇತರಿಕೆ ಮುಗಿಯುವ ಮುನ್ನವೇ ಆಟಗಾರ ಮುಂದಿನ ಏಟನ್ನು ಒತ್ತಿರುತ್ತಾನೆ; ಆ ಒತ್ತುವಿಕೆಯನ್ನು ಕಳೆದುಹಾಕುವ ಆಟವನ್ನು ಜನ ‘ಸ್ಪಂದಿಸುವುದಿಲ್ಲ’ ಎಂದು ಬೈಯುತ್ತಾರೆಯೇ ಹೊರತು ತಮ್ಮ ಬೆರಳು ಅವಸರ ಮಾಡಿತೆಂದು ಯಾರೂ ಒಪ್ಪುವುದಿಲ್ಲ. ಏಟು ತಾಕಿದ ಮೇಲಿನ ಚೇತರಿಕೆಯನ್ನು ನೆಗೆತದಿಂದಲೋ ನುಗ್ಗಿನಿಂದಲೋ ಮುರಿಯಲು ಬಿಡಿ; ತಾಕದೆ ಬೀಸಿ ಹೋದ ಏಟಿನ ಚೇತರಿಕೆಯನ್ನು ಮಾತ್ರ ಪೂರ್ತಿ ಅನುಭವಿಸಲಿ.

ಹಂತ 5: ತಾಕಿದ ಕ್ಷಣ

ಯಕ್ಷಗಾನದಲ್ಲಿ ವೇಷಧಾರಿ ಹಾರಿ ನೆಲಕ್ಕೆ ಕಾಲಿಡುವ ಹೊತ್ತಿಗೆ ಸರಿಯಾಗಿ ಚಂಡೆಯ ಪೆಟ್ಟು ಬೀಳದಿದ್ದರೆ ಎಂಥ ಎತ್ತರದ ನೆಗೆತವೂ ಪೊಳ್ಳಾಗಿ ಕಾಣುತ್ತದೆ. ಬ್ರಾಲರ್‌ನಲ್ಲಿ ಆ ಪೆಟ್ಟಿನ ಕೆಲಸವನ್ನು ಮಾಡುವುದು ಹಿಟ್‌ಸ್ಟಾಪ್, ಅಂದರೆ ಏಟು ತಾಕಿದ ಕೂಡಲೇ ಹೊಡೆದವಳೂ ಹೊಡೆಸಿಕೊಂಡವನೂ ಕೆಲವೇ ಫ್ರೇಮುಗಳ ಕಾಲ ಕಲ್ಲಾಗಿ ನಿಲ್ಲುವುದು. ಲಘು ಏಟಿಗೆ 3 ಫ್ರೇಮು, ಭಾರಿ ಏಟಿಗೆ 8, ಒಂದು ಅಲೆಯ, ಅಂದರೆ ಒಟ್ಟಿಗೆ ಬರುವ ವೈರಿಗಳ ತಂಡದ, ಕೊನೆಯವನನ್ನು ಉರುಳಿಸುವ ಏಟಿಗೆ 12 ಸಾಕು.

ಇದನ್ನು ಮಾಡುವ ಸುಲಭದ ದಾರಿ ಎಂಜಿನ್‌ನ ಟೈಮ್ ಸ್ಕೇಲ್ ಅನ್ನು ಸೊನ್ನೆ ಮಾಡುವುದು. ಆ ದಾರಿ ಹಿಡಿಯಬೇಡಿ. ಅದರಿಂದ ಹಿನ್ನೆಲೆಯ ಎಲೆಗಳು, ಕಣಗಳು, ಇನ್ನುಳಿದ ವೈರಿಗಳು, ಕಡೆಗೆ ನೀವು ಅದನ್ನು ಮತ್ತೆ ಒಂದಕ್ಕೆ ತರಲು ಇಟ್ಟ ಟೈಮರ್ ಕೂಡ ನಿಂತುಬಿಡುತ್ತದೆ. ಪ್ರತಿ ಪಾತ್ರಕ್ಕೂ ಅದರದೇ ಒಂದು ಎಣಿಕೆಯನ್ನು ಕೊಟ್ಟು, ಎಣಿಕೆ ಸೊನ್ನೆಯಾಗುವವರೆಗೆ ಆ ಪಾತ್ರದ ಚಲನೆಯನ್ನೂ ಆ್ಯನಿಮೇಷನ್ನನ್ನೂ ಮಾತ್ರ ತಡೆಹಿಡಿಯಿರಿ. ತಡೆಯುವ ಮುನ್ನ ಅದರ ವೇಗವನ್ನು ಎತ್ತಿಟ್ಟು ನಂತರ ಮರಳಿಸಿ. ಒಂದೇ ಬೀಸಿಗೆ ಐವರು ಸಿಕ್ಕರೆ ಎಣಿಕೆಗಳನ್ನು ಕೂಡಿಸದೆ ಅವುಗಳಲ್ಲಿ ದೊಡ್ಡದನ್ನಷ್ಟೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗುಂಪಿನ ನಡುವೆ ಆಟ ತೊದಲುತ್ತದೆ.

ಕಲ್ಲಾಗಿ ನಿಂತ ಆ ಫ್ರೇಮುಗಳಲ್ಲಿ ವೈರಿಯ ಚಿತ್ರ ಎಡಬಲಕ್ಕೆ ಎರಡು ಪಿಕ್ಸೆಲ್ ನಡುಗಲಿ, ನಾಯಕಿಯ ಚಿತ್ರ ನಿಶ್ಚಲವಾಗಿರಲಿ. ಬಳಿಕ ವೈರಿ ಹಾರಿಹೋಗುವಾಗ ನಾಯಕಿಗೂ ಸೆಕೆಂಡಿಗೆ 60 ಪಿಕ್ಸೆಲ್‌ನಷ್ಟು ಹಿಮ್ಮೊಗದ ತಳ್ಳು ಕೊಡಿ. ಗಾಳಿಯಲ್ಲಿದ್ದರೆ ಅದು ತುಸು ಮೇಲ್ಮುಖವಾಗಿರಲಿ. ಕಿನ್ನರಿಯ ಆಟಕ್ಕೆ ಇದಕ್ಕಿಂತ ಹೊಂದುವ ಉಪಾಯ ನನಗೆ ಕಂಡಿಲ್ಲ. ಅವಳು ಹಗುರ ಎಂಬುದನ್ನೂ ಏಟು ಭಾರ ಎಂಬುದನ್ನೂ ಒಂದೇ ಚಲನೆ ಒಟ್ಟಿಗೆ ಹೇಳುತ್ತದೆ, ಜೊತೆಗೆ ಗಾಳಿಯ ಕಾಂಬೋ (ಬಿಡುವಿಲ್ಲದೆ ಒಂದರ ಹಿಂದೊಂದು ತಾಕುವ ಏಟುಗಳ ಸರಣಿ) ತಾನಾಗಿಯೇ ತೇಲುತ್ತ ಮುಂದುವರಿಯುತ್ತದೆ.

ಸದ್ದನ್ನು ಮೂರು ಪದರಗಳಲ್ಲಿ ಕಟ್ಟಿ: ಬೀಸಿನ ಗಾಳಿಯ ಸದ್ದು, ತಾಕಿದ ಗಟ್ಟಿ ಸದ್ದು, ವೈರಿಯ ಜಾತಿಗೆ ತಕ್ಕ ಪ್ರತಿಸದ್ದು. ರೆಕ್ಕೆ, ಗೆಜ್ಜೆ, ಮಿಂಚಿನ ಪುಡಿ ಎಂದು ತೆಳು ಸದ್ದುಗಳನ್ನೇ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಅವು ಮೊದಲ ಪದರದಲ್ಲಿರಲಿ, ಎರಡನೆಯ ಪದರ ಮಾತ್ರ ಒದ್ದೆ ಮರಕ್ಕೆ ಕೊರಡು ಬಿದ್ದಂತೆ ದಪ್ಪಗಿರಲೇಬೇಕು. ಒಂದೇ ಸದ್ದು ಮರುಕಳಿಸಿ ಕಿವಿ ನೋಯದಂತೆ ಗೊಡೊದ ಆಡಿಯೊಸ್ಟ್ರೀಮ್ ರ‍್ಯಾಂಡಮೈಜರ್ ಮೂಲಕ ಶ್ರುತಿಯನ್ನು ಪ್ರತಿ ಸಲ ಸ್ವಲ್ಪ ಏರುಪೇರು ಮಾಡಿ. ಪರದೆ ನಡುಗಿಸುವುದನ್ನು ಭಾರಿ ಏಟಿಗಷ್ಟೇ ಮೀಸಲಿಟ್ಟು, ಅದನ್ನು ನಿಲ್ಲಿಸಿಬಿಡುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕೊಡಿ. ಬಿಳಿ ಮಿಂಚುಗಳು ಸೆಕೆಂಡಿಗೆ ಮೂರನ್ನು ಮೀರದಂತೆ ನೋಡಿಕೊಳ್ಳುವುದು ಅಪಸ್ಮಾರವಿರುವ ಆಟಗಾರರ ಸುರಕ್ಷತೆಯ ಪ್ರಶ್ನೆ, ಅಲ್ಲಿ ರಾಜಿ ಬೇಡ.

ಹಂತ 6: ವೈರಿಯೇ ಆಯುಧ

ಆಟದ ತಿರುಳು ಇಲ್ಲಿದೆ, ಆದ್ದರಿಂದ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಸಮಯವನ್ನು ಇದಕ್ಕೇ ಕೊಡಿ.

ಪ್ರತಿ ವೈರಿಗೂ ಒಂದು ತೂಕದ ಅಂಕಿಯನ್ನು ಕೊಡಿ: ಅಣಬೆಯ ಮರಿಗೆ 0.6, ಸಾಮಾನ್ಯ ಭಂಟನಿಗೆ 1, ಕಲ್ಲಿನ ದೈತ್ಯನಿಗೆ 2.5. ಏಟಿನ ಬಲವನ್ನು ಈ ತೂಕದಿಂದ ಭಾಗಿಸಿದರೆ ವೈರಿ ಹಾರುವ ವೇಗ ಬರುತ್ತದೆ. ಭಾರಿ ಏಟಿನ ಬಲ 600 ಎಂದಿಟ್ಟರೆ ಭಂಟ ಸೆಕೆಂಡಿಗೆ 600 ಪಿಕ್ಸೆಲ್ ವೇಗದಲ್ಲಿ ಹಾರುತ್ತಾನೆ, ಅಣಬೆ 1000ದಲ್ಲಿ ಚಿಮ್ಮುತ್ತದೆ, ದೈತ್ಯ 240ರಲ್ಲಿ ಒಂದೆರಡು ಹೆಜ್ಜೆ ಜಾರುತ್ತಾನೆ ಅಷ್ಟೇ. ವೇಗ 350ನ್ನು ದಾಟಿದ ಕೂಡಲೇ ವೈರಿಯನ್ನು ‘ಹಾರುವ’ ಸ್ಥಿತಿಗೆ ಬದಲಿಸಿ, ಅವನ ಮೈಸುತ್ತ ಇರುವ ಇನ್ನೊಂದು ಹಿಟ್‌ಬಾಕ್ಸನ್ನು ತೆರೆಯಿರಿ. ಅದು ಇತರ ವೈರಿಗಳಿಗೆ ಮಾತ್ರ ತಾಕಬೇಕು, ನಾಯಕಿಗೆ ತಾಕಬಾರದು. ಎರಡನೆಯ ಹಂತದಲ್ಲಿ ಬೇರೆ ಪದರವನ್ನು ಕಾದಿರಿಸಿದ್ದು ಇದಕ್ಕೇ.

ಹಾರುವವನು ಇನ್ನೊಬ್ಬನಿಗೆ ಬಡಿದಾಗ ಇಬ್ಬರಿಗೂ ಹಾನಿಯಾಗಲಿ. ಹಾನಿಯ ಅಳತೆ ವೇಗವನ್ನು ತೂಕದಿಂದ ಗುಣಿಸಿ 60ರಿಂದ ಭಾಗಿಸಿದಷ್ಟಿರಲಿ. ಹಾಗಾದರೆ 600ರ ವೇಗದ ಭಂಟ 10 ಅಂಶದ ಹಾನಿ ಮಾಡುತ್ತಾನೆ. ನಾಯಕಿಯ ಭಾರಿ ಏಟು ನೇರವಾಗಿ ಮಾಡುವ ಹಾನಿ 6 ಮಾತ್ರ ಇರಲಿ, ಭಂಟನ ಜೀವಬಲ 30 ಇರಲಿ. ಈ ಅನುಪಾತದ ಅರ್ಥ ಸ್ಪಷ್ಟ: ಗುದ್ದುವುದಕ್ಕಿಂತ ಎಸೆಯುವುದು ಲಾಭ. ನೇರ ಏಟನ್ನು 12ಕ್ಕೋ 15ಕ್ಕೋ ಏರಿಸಿದ ದಿನವೇ ಆಟಗಾರ ಗುರಿಯಿಡುವುದನ್ನು ಬಿಟ್ಟು ಗುಂಡಿ ಕುಟ್ಟಲು ತೊಡಗುತ್ತಾನೆ, ನಾಯಕಿಗೆ ರೆಕ್ಕೆ ಯಾಕಿದೆ ಎಂಬುದೇ ಮರೆತುಹೋಗುತ್ತದೆ.

ಸರಪಳಿಯ ಲೆಕ್ಕವನ್ನೂ ಕಾಗದದ ಮೇಲೆ ಮಾಡಿಕೊಳ್ಳಿ. ಬಡಿಸಿಕೊಂಡವನು ಬಡಿದವನ ವೇಗದ ಶೇಕಡಾ 70ರಷ್ಟನ್ನು ಪಡೆಯುತ್ತಾನೆ ಎಂದಾದರೆ, ಒಂದೇ ತೂಕದ ಭಂಟರ ಸಾಲಿನಲ್ಲಿ ಮೊದಲಿನವನು 600, ಎರಡನೆಯವನು 420, ಮೂರನೆಯವನು 294. ಮೂರನೆಯವನು 350ರ ಗಡಿಯೊಳಗೆ ಬಂದದ್ದರಿಂದ ತತ್ತರಿಸಿ ನಿಲ್ಲುತ್ತಾನೆ. ನಾಯಕಿಯ ಬಲ ಹೆಚ್ಚಿ ಮೊದಲಿನವನು 900ರಲ್ಲಿ ಹಾರಿದರೆ ಮುಂದಿನವು 630, 441, 309; ಅಂದರೆ ಸರಪಳಿ ಒಬ್ಬನಷ್ಟು ಉದ್ದವಾಯಿತು. ಬಲವರ್ಧನೆಯ ಫಲ ಹೀಗೆ ಅಂಕಿಯಾಗಿ ಅಲ್ಲದೆ, ಪರದೆಯ ಮೇಲೆ ಇನ್ನೊಬ್ಬ ಉರುಳಿದ ದೃಶ್ಯವಾಗಿ ಕಾಣುತ್ತದೆ. ತೂಕಗಳು ಬೇರೆಬೇರೆಯಾಗಿದ್ದಾಗ ತೂಕದ ಅನುಪಾತದಿಂದಲೂ ಗುಣಿಸಬೇಕು, ಆದರೆ ಫಲಿತ ವೇಗಕ್ಕೆ 1200ರ ಮಿತಿ ಹಾಕಿ. 1200 ಎಂದರೆ ಒಂದು ಫ್ರೇಮಿಗೆ 20 ಪಿಕ್ಸೆಲ್. ವೈರಿಯ ಅಗಲ ಕನಿಷ್ಠ 24 ಪಿಕ್ಸೆಲ್ ಇದ್ದರೆ ಹಾರುವವನು ಯಾರಿಗೂ ತಾಕದೆ ನಡುವಿನಿಂದ ನುಸುಳಿಹೋಗುವ ಭಯವಿಲ್ಲ.

ಇನ್ನು ಗೋಡೆ. ಮೂವ್ ಅಂಡ್ ಸ್ಲೈಡ್ ವಿಧಾನವು ಗೋಡೆಗೆ ಬಡಿದ ಕೂಡಲೇ ವೇಗದಲ್ಲಿ ಗೋಡೆಯ ಕಡೆಗಿದ್ದ ಪಾಲನ್ನು ಅಳಿಸಿಬಿಡುತ್ತದೆ. ಆದ್ದರಿಂದ ಬಡಿದ ನಂತರದ ವೇಗವನ್ನು ಪುಟಿಸಲು ಹೋದರೆ ಏನೂ ಆಗುವುದಿಲ್ಲ, ವೈರಿ ಗೋಡೆಗೆ ಅಂಟಿದಂತೆ ಜಾರುತ್ತಾನೆ. ಆ ವಿಧಾನವನ್ನು ಕರೆಯುವ ಮುನ್ನಿನ ವೇಗವನ್ನು ಎತ್ತಿಟ್ಟುಕೊಂಡು, ಡಿಕ್ಕಿಯ ಲಂಬದಿಕ್ಕನ್ನು (ನಾರ್ಮಲ್) ಪಡೆದು, ಎತ್ತಿಟ್ಟ ವೇಗವನ್ನು ಅದರ ಮೇಲೆ ಬೌನ್ಸ್ ಮಾಡಿ 0.8ರಿಂದ ಗುಣಿಸಿ; ಅಥವಾ ಹಾರುವ ಸ್ಥಿತಿಗೆ ಮಾತ್ರ ಮೂವ್ ಅಂಡ್ ಕೊಲೈಡ್ ಬಳಸಿ. ಎರಡು ಪುಟಿತಗಳವರೆಗೆ ಬಿಡಿ. ಪುಟಿದು ತನ್ನತ್ತಲೇ ಬರುತ್ತಿರುವ ವೈರಿಯನ್ನು ನಾಯಕಿ ಮತ್ತೆ ಹೊಡೆದಟ್ಟಬಹುದಾದರೆ, ಎರಡು ಮರಗಳ ನಡುವೆ ಅವನನ್ನು ಚೆಂಡಾಡುವ ಆಟವೊಂದು ಪುಕ್ಕಟೆಯಾಗಿ ಸಿಗುತ್ತದೆ.

ಪುಕ್ಕಟೆಯಾಗಿ ಸಿಕ್ಕದ್ದಕ್ಕೆ ಕಡಿವಾಣವೂ ಬೇಕು. ಒಬ್ಬ ವೈರಿ ನೆಲ ಮುಟ್ಟದೆ ತಿನ್ನುವ ಪ್ರತಿ ಪೆಟ್ಟಿಗೂ ಅವನ ಮೇಲಿನ ಗುರುತ್ವವನ್ನು ಶೇಕಡಾ 8ರಷ್ಟು ಹೆಚ್ಚಿಸುತ್ತ ಹೋಗಿ. ಅವನು ಬೇಗಬೇಗ ಇಳಿಯತೊಡಗುವುದರಿಂದ ಕೊನೆಯಿಲ್ಲದ ಕಾಂಬೋ ಸಾಧ್ಯವಾಗುವುದಿಲ್ಲ, ಆದರೂ ಎಲ್ಲಿ ನಿಲ್ಲಿಸಲಾಯಿತೆಂಬುದು ಕಣ್ಣಿಗೆ ಬೀಳುವುದಿಲ್ಲ. ಬಿದ್ದವನು ಏಳುವವರೆಗೆ ಅವನಿಗೆ ಪೆಟ್ಟು ತಾಕದಿರಲಿ.

ಹಂತ 7: ವೈರಿಗಳ ಬುದ್ಧಿ

ನಾಲ್ಕು ಬಗೆ ಸಾಕು: ಎಸೆಯಲು ಒದಗುವ ಭಂಟ, ಚಿಮ್ಮುವ ಅಣಬೆ, ಮುಂದಿನಿಂದ ಬಂದ ನೇರ ಏಟನ್ನು ತಡೆದರೂ ಹಾರಿಬಂದ ಮೈಯನ್ನು ತಡೆಯಲಾರದ ಗುರಾಣಿಧಾರಿ, ಎಸೆಯಲಾಗದಿದ್ದರೂ ಗೋಡೆಯಂತೆ ಪುಟಿತಕ್ಕೆ ಒದಗುವ ಕಲ್ಲಿನ ದೈತ್ಯ. ನಾಲ್ವರೂ ಎಸೆತದ ನಿಯಮದೊಂದಿಗೇ ಸಂಬಂಧ ಬೆಳೆಸುತ್ತಾರೆ ಎಂಬುದನ್ನು ಗಮನಿಸಿ. ಐದನೆಯ ವೈರಿಯೊಬ್ಬ ಹೊಳೆದರೆ, ಅವನು ಆ ನಿಯಮಕ್ಕೆ ಏನನ್ನು ಸೇರಿಸುತ್ತಾನೆ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಅವನನ್ನು ಬಿಟ್ಟುಬಿಡಿ.

ಎಲ್ಲರೂ ಒಟ್ಟಿಗೆ ಮೇಲೆರಗಿದರೆ ಅದು ಹೊಡೆದಾಟವಾಗುವುದಿಲ್ಲ. ಎರಡೇ ಎರಡು ‘ದಾಳಿಯ ಚೀಟಿ’ಗಳನ್ನು ಇಟ್ಟು, ಚೀಟಿ ಇರುವವನು ಮಾತ್ರ ಹೊಡೆಯಬೇಕು, ಉಳಿದವರು ಸುತ್ತ ಸುಳಿದಾಡಬೇಕು ಎಂದು ಮಾಡಿ. ಚೀಟಿ ಹಿಡಿದವನು ಸತ್ತಾಗಲೂ ಹಾರಿಹೋದಾಗಲೂ ಅದು ತಪ್ಪದೆ ಮರಳಬೇಕು; ಈ ಒಂದು ಸಾಲು ತಪ್ಪಿಹೋದರೆ ಆಟದ ನಡುವೆ ಎಲ್ಲ ವೈರಿಗಳೂ ಸುಮ್ಮನೆ ನಿಂತುಬಿಡುತ್ತಾರೆ. ಪರದೆಯ ಹೊರಗಿರುವವನಿಗೆ ಚೀಟಿ ಕೊಡಬಾರದು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಮನುಷ್ಯರಿಗೆ ಸುಮಾರು ಕಾಲು ಸೆಕೆಂಡು, ಅಂದರೆ 15 ಫ್ರೇಮು ಬೇಕಾಗುವುದರಿಂದ, ವೈರಿಯ ಏಟಿನ ತಯಾರಿ 20 ಫ್ರೇಮಿಗಿಂತ ಕಡಿಮೆಯಿರಬಾರದು. ದೈತ್ಯನಿಗೆ 40 ಇದ್ದರೂ ಹೆಚ್ಚಲ್ಲ.

ಹಂತ 8: ಅಲೆಗಳು ಮತ್ತು ಬಲವರ್ಧನೆ

ಹತ್ತು ಅಲೆಗಳನ್ನು ಯೋಜಿಸಿ, ಪ್ರತಿ ಅಲೆಯ ವಿವರವನ್ನು ಕೋಡ್‌ನಲ್ಲಿ ಬರೆಯದೆ ಗೊಡೊದ ರಿಸೋರ್ಸ್ ಕಡತಗಳಲ್ಲಿಡಿ, ಆಗ ತಿದ್ದುವುದು ಸುಲಭ. ಹೊಸ ವೈರಿಯನ್ನು ಮೊದಲ ಸಲ ಒಂಟಿಯಾಗಿ ತೋರಿಸಿ, ಮುಂದಿನ ಅಲೆಯಲ್ಲಿ ಭಂಟರೊಡನೆ ಬೆರೆಸಿ. ಅಲೆಗಳ ನಡುವೆ ಮೂರು ವರಗಳಲ್ಲಿ ಒಂದನ್ನು ಆರಿಸುವ ಅವಕಾಶ ಕೊಡಿ, ಆದರೆ ‘ಶೇಕಡಾ 10 ಹೆಚ್ಚು ಹಾನಿ’ಯಂಥ ವರಗಳು ಬೇಡ. ಮೂರನೆಯ ಪುಟಿತ, ಎರಡನೆಯ ಗಾಳಿನುಗ್ಗು, ಹಾರುವವನು ಬಡಿದಲ್ಲಿ ಪರಾಗದ ಸ್ಫೋಟ ಮುಂತಾಗಿ ಆಡುವ ರೀತಿಯನ್ನೇ ಬದಲಿಸುವವು ಇರಲಿ.

ಹಂತ 9: ಕನ್ನಡದ ಅಕ್ಷರಗಳು

ಆಟದಲ್ಲಿ ಕನ್ನಡವನ್ನು ತೋರಿಸುವುದು ಹಿಂದೆ ಗೊಡೊ ಬಳಕೆದಾರರಿಗೆ ತಲೆನೋವಾಗಿತ್ತು, ಏಕೆಂದರೆ ಮೂರನೆಯ ಆವೃತ್ತಿಗೆ ಒತ್ತಕ್ಷರಗಳನ್ನು ಜೋಡಿಸುವ ಶಕ್ತಿ ಇರಲಿಲ್ಲ. 2023ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಒಳಗೇ ಅಳವಡಿಸಿಕೊಂಡಿರುವುದರಿಂದ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳೂ ಸರಿಯಾಗಿ ಮೂಡುತ್ತವೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ 2 ಮೊದಲಾದ ಮುಕ್ತ ಫಾಂಟ್‌ಗಳನ್ನು ಆಟದೊಂದಿಗೆ ಹಂಚಲು ಪರವಾನಗಿಯ ಅಡ್ಡಿಯಿಲ್ಲ. ಎರಡನೆಯದರ ದುಂಡನೆಯ ಅಕ್ಷರಗಳು ಕಿನ್ನರಿಯ ಆಟಕ್ಕೆ ಹೆಚ್ಚು ಒಪ್ಪುತ್ತವೆ.

ಪಿಕ್ಸೆಲ್ ಕಲೆಯ ಆಟವೆಂದು ಎಂಟು ಪಿಕ್ಸೆಲ್ ಎತ್ತರದ ಕನ್ನಡ ಫಾಂಟು ಬೇಕೆಂದು ಹಟ ಹಿಡಿಯಬೇಡಿ. ಮೇಲೆ ತಲೆಕಟ್ಟು, ಕೆಳಗೆ ಒತ್ತು ಎರಡೂ ಇರುವ ಲಿಪಿ ಅಷ್ಟು ಸಣ್ಣ ಚೌಕದಲ್ಲಿ ಹಿಡಿಯುವುದಿಲ್ಲ. ‘ವ್ಯೂಪೋರ್ಟ್’ ಮೋಡ್‌ನಲ್ಲಿ ಅಕ್ಷರಗಳೂ 640×360ರಲ್ಲೇ ಬಿಡಿಸಲ್ಪಟ್ಟು ನಂತರ ಹಿಗ್ಗುವುದರಿಂದ ಒತ್ತುಗಳು ಕಲಸಿಹೋಗುತ್ತವೆ. ‘ಕ್ಯಾನ್ವಾಸ್ ಐಟಮ್ಸ್’ ಮೋಡ್‌ನಲ್ಲಿ ಅವು ಪರದೆಯ ನಿಜವಾದ ರೆಸಲ್ಯೂಷನ್‌ನಲ್ಲಿ ಚೂಪಾಗಿ ಬರುತ್ತವೆ. ಸಂಭಾಷಣೆಯನ್ನು ಒಂದೊಂದೇ ಅಕ್ಷರವಾಗಿ ತೋರಿಸುವಾಗ ಇನ್ನೊಂದು ತೊಡಕಿದೆ: ಗೊಡೊ ಮೊದಲಿಗೆ ಜೋಡಣೆಯ ಮುನ್ನವೇ ಅಕ್ಷರಗಳನ್ನು ಕತ್ತರಿಸುವುದರಿಂದ ‘ಕ್ಷ’ ಎಂಬುದು ಒಂದು ಗಳಿಗೆ ‘ಕ್’ ಎಂದು ಕಂಡು ಆಮೇಲೆ ರೂಪ ಬದಲಿಸುತ್ತದೆ. ಲೇಬಲ್‌ನ ಗುಣಗಳಲ್ಲಿ ಗೋಚರ ಅಕ್ಷರಗಳ ವರ್ತನೆಯನ್ನು ‘ಆಫ್ಟರ್ ಶೇಪಿಂಗ್’ ಎಂದು ಬದಲಿಸಿದರೆ ಈ ಕುಣಿತ ನಿಲ್ಲುತ್ತದೆ. ಗುಂಡಿಗಳ ಅಗಲವನ್ನು ಕನ್ನಡ ಪದಗಳಿಗೆ ಅಳೆದೇ ನಿಗದಿಪಡಿಸಿ, ‘ಮುಂದುವರಿಸಿ’ ಎಂಬುದೇ ಎಷ್ಟು ಜಾಗ ಬೇಡುತ್ತದೆ ನೋಡಿ.

ಹಂತ 10: ಪರೀಕ್ಷೆ ಮತ್ತು ಬಿಡುಗಡೆ

ಆಟವನ್ನು ಬೇರೆಯವರ ಕೈಗೆ ಕೊಟ್ಟಾಗ ಪಕ್ಕದಲ್ಲಿ ಕುಳಿತು ಸಲಹೆ ಹೇಳಬೇಡಿ. ಒಟ್ಟು ಹಾನಿಯಲ್ಲಿ ನೇರ ಏಟಿನ ಪಾಲೆಷ್ಟು, ಎಸೆತದ ಪಾಲೆಷ್ಟು ಎಂಬುದನ್ನು ಆಟವೇ ಒಂದು ಕಡತದಲ್ಲಿ ಬರೆದಿಡುವಂತೆ ಮಾಡಿ. ನಾಲ್ಕನೆಯ ಅಲೆಯ ಹೊತ್ತಿಗೂ ಎಸೆತದ ಪಾಲು ಅರ್ಧವನ್ನು ಮುಟ್ಟದಿದ್ದರೆ ಆಟಗಾರನಿಗೆ ನಿಯಮ ತಿಳಿದಿಲ್ಲವೆಂದು ಅರ್ಥ. ಆಗ ಪಾಠದ ಪರದೆ ಸೇರಿಸುವ ಬದಲು ಮೊದಲ ಅಲೆಯಲ್ಲಿ ಭಂಟರನ್ನು ಒಬ್ಬರ ಹಿಂದೊಬ್ಬರಂತೆ ಒತ್ತಾಗಿ ನಿಲ್ಲಿಸಿ. ಮೊದಲ ಭಾರಿ ಏಟಿಗೇ ಸಾಲು ಉರುಳಿದ್ದನ್ನು ಕಂಡವರು ಮತ್ತೆ ಮರೆಯುವುದಿಲ್ಲ.

ಆಟಗಳ ಮಾರಾಟ ತಾಣವಾದ ಸ್ಟೀಮ್‌ನಲ್ಲಿ ಒಂದು ಆಟಕ್ಕೆ 100 ಡಾಲರ್ ಶುಲ್ಕವಿದೆ, ಮಾರಾಟ 1000 ಡಾಲರ್ ಮುಟ್ಟಿದ ಮೇಲೆ ಅದು ಮರಳುತ್ತದೆ. ಶುಲ್ಕ ಕಟ್ಟಿದ ದಿನದಿಂದ 30 ದಿನ ಕಳೆಯದೆ ಬಿಡುಗಡೆ ಮಾಡುವಂತಿಲ್ಲ, ‘ಕಮಿಂಗ್ ಸೂನ್’ ಪುಟ ಕನಿಷ್ಠ ಎರಡು ವಾರ ತೆರೆದಿರಬೇಕು. ಮೊದಲ ಆಟವನ್ನು ಅಲ್ಲಿಗೆ ಒಯ್ಯುವ ಮುನ್ನ ಶುಲ್ಕವಿಲ್ಲದ ಇಚ್ ಡಾಟ್ ಐಓದಲ್ಲಿ ಮೂರು ಅಲೆಗಳ ಬ್ರೌಸರ್ ಆವೃತ್ತಿಯನ್ನು ಇಡುವುದು ಒಳಿತು. ಗೊಡೊ 4.3ರಿಂದ ಈಚೆಗೆ ಒಂದೇ ಥ್ರೆಡ್‌ನ ವೆಬ್ ರಫ್ತು ಇರುವುದರಿಂದ ಸರ್ವರ್‌ನ ವಿಶೇಷ ಹೆಡರ್‌ಗಳ ಗೊಡವೆಯಿಲ್ಲ. ಬಳಕೆದಾರರು ಒಮ್ಮೆ ಒತ್ತುವವರೆಗೆ ಬ್ರೌಸರ್‌ಗಳು ಸದ್ದನ್ನು ಹೊರಬಿಡುವುದಿಲ್ಲ. ಆದ್ದರಿಂದ ಆಟ ನೇರವಾಗಿ ಮೊದಲ ಅಲೆಗೆ ನುಗ್ಗದೆ ‘ಆರಂಭಿಸಲು ಒತ್ತಿ’ ಎಂಬ ಪರದೆಯಿಂದಲೇ ಶುರುವಾಗಲಿ, ಇಲ್ಲವಾದರೆ ಮೊದಲ ಏಟು ಮೂಕವಾಗಿ ಬೀಳುತ್ತದೆ.